ಸ್ಪಾರ್ಕ್ ಪ್ಲಗ್ ಕೊಳ್ಳುವಾಗ ಮೊದಲು ನಂಬರ್ ನೋಡಿ

ಪ್ರಶ್ನೆ: ನನ್ನ ಬೈಕ್ ಬೆಳಗ್ಗೆ ಬೇಗ ಸ್ಟಾರ್ಟ್ ಆಗೋದಿಲ್ಲ, ಓಡುವಾಗ ಮಿಸ್ಸಿಂಗ್ ಬೇರೆ. ಇರಿಡಿಯಂ ಪ್ಲಗ್ ಹಾಕಿಸಿದರೆ ಪಿಕಪ್, ಮೈಲೇಜ್ ಎರಡೂ ಜಾಸ್ತಿಯಾಗುತ್ತೆ ಅಂತಾರೆ, ನಿಜವಾ? ಮನೆಯ ಕಾರಿಗೂ ಅದನ್ನೇ ಹಾಕಿಸಬಹುದಾ?

ಉತ್ತರ: ಪ್ಲಗ್ ಅಂದರೆ ಎಂಜಿನ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಭಾಗ. ಹೊಸದು ತರುವ ಮೊದಲು ಹಳೇ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಹಾಳಾಗುತ್ತದೆ. ಒಳಗಿನ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಒಳ್ಳೆಯದು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಸಿಲಿಂಡರ್ ಒಳಗೆ ಸೇರುತ್ತಿದೆ. ಅದನ್ನು ಸರಿಮಾಡದೆ ಎಷ್ಟು ದುಬಾರಿ ಪ್ಲಗ್ ಹಾಕಿದರೂ ಮತ್ತೆ ಇದೇ ತೊಂದರೆ. ತುದಿ ಸವೆದು ಗುಂಡಗಾಗಿ ಗ್ಯಾಪ್ (ಕಿಡಿ ಹಾರುವ ಸಂದು) ಅಗಲವಾಗಿದ್ದರೆ, ಬದಲಿಸಿ.

ಇರಿಡಿಯಂ ಲೋಹದ ತುದಿಯ ಪ್ಲಗ್ ನಿಜವಾಗಿ ಒಳ್ಳೆಯದೇ. ಮಾಮೂಲಿ ಪ್ಲಗ್‌ನ ನಿಕಲ್ ಸುಮಾರು 1,455 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇರಿಡಿಯಂ ಕರಗಲು 2,400 ದಾಟಬೇಕು. ಹಾಗಾಗಿ ತುದಿಯನ್ನು ತುಂಬಾ ಸಣ್ಣಗೆ ಮಾಡಬಹುದು, ಕಿಡಿ ಸುಲಭಕ್ಕೆ ಹಾರುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಚೆನ್ನಾಗಿರುವ ಎಂಜಿನ್‌ಗೆ ಇದರಿಂದ ಹೊಸ ಶಕ್ತಿಯೇನೂ ಬರೋದಿಲ್ಲ. ಕಾರಿಗೆ ಕಂಪನಿಯೇ ಇರಿಡಿಯಂ ಹೇಳಿದ್ದರೆ ಅದನ್ನೇ ಹಾಕಿಸಿ. ಆದರೆ ಬೈಕಿನ ಪ್ಲಗ್ ಕಾರಿಗೆ ಅಂತ ಮಾತ್ರ ಯೋಚಿಸಬೇಡಿ, ಅಳತೆಯೇ ಬೇರೆ.

ಮುಖ್ಯವಾದದ್ದು ನಂಬರ್. ಎನ್‌ಜಿಕೆ ಕಂಪನಿಯ ಪ್ಲಗ್ ಮೇಲೆ ಸಿಪಿಆರ್8ಇಎ-9 ಅಂತಿದೆ ಅನ್ನಿ. ಸಿ ಅಂದರೆ 10 ಮಿ.ಮೀ. ದಪ್ಪದ ಥ್ರೆಡ್, ಆರ್ ಅಂದರೆ ಒಳಗೆ ರೆಸಿಸ್ಟರ್ (ವಿದ್ಯುತ್ ಹರಿವನ್ನು ತಡೆಯುವ ಸಣ್ಣ ಭಾಗ) ಇದೆ, ಇ ಅಂದರೆ ಥ್ರೆಡ್ ಉದ್ದ 19 ಮಿ.ಮೀ., ಕೊನೆಯ 9 ಅಂದರೆ 0.9 ಮಿ.ಮೀ. ಗ್ಯಾಪ್. ನಡುವಿನ 8 ಹೀಟ್ ರೇಂಜ್, ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತೆ ಅನ್ನೋದರ ಲೆಕ್ಕ. ಎನ್‌ಜಿಕೆಯಲ್ಲಿ ಈ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಪೂರ್ತಿ ಉಲ್ಟಾ! ಅದಕ್ಕೇ ಬ್ರ್ಯಾಂಡ್ ಬದಲಿಸುವಾಗ ಅಂಕಿಗೆ ಅಂಕಿ ಹೊಂದಿಸಬೇಡಿ, ಗಾಡಿಯ ಕೈಪಿಡಿಯನ್ನೋ ಆ ಕಂಪನಿಯ ಪಟ್ಟಿಯನ್ನೋ ನೋಡಿ. ಬೇಕಾದ್ದಕ್ಕಿಂತ ತಂಪಾದ ಪ್ಲಗ್ ಮಸಿ ಹಿಡಿಯುತ್ತದೆ, ತೀರಾ ಬಿಸಿಯಾದದ್ದು ಪಿಸ್ಟನ್ನನ್ನೇ ಸುಡಬಹುದು.

ನಕಲಿ ಮಾಲಿನ ಬಗ್ಗೆಯೂ ಹುಷಾರು. ಒಮ್ಮೆ ಅವಸರದಲ್ಲಿ ನಾನು ತಂದು ಹಾಕಿದ ಪ್ಲಗ್ ಕೆಲವೇ ದಿನಕ್ಕೆ ಕೈಕೊಟ್ಟಿತು. ಬಿಚ್ಚಿ ಅಸಲಿ ಪ್ಲಗ್ ಪಕ್ಕ ಇಟ್ಟಾಗ ಗೊತ್ತಾಯಿತು: ಅಕ್ಷರಗಳು ಮಸುಕು, ನಡುವಿನ ಕಡ್ಡಿ ಒಂದು ಕಡೆಗೆ ವಾಲಿತ್ತು, ವಾಷರ್ ಸುಮ್ನೆ ಎಳೆದರೆ ಕಳಚಿ ಕೈಗೆ ಬಂತು. ಅಸಲಿಯದು ಹಾಗೆ ಸಲೀಸಾಗಿ ಕಳಚೋದಿಲ್ಲ.

ಪ್ರಶ್ನೆ: ಮನೆಯಲ್ಲೇ ಪ್ಲಗ್ ಹಾಕಿಕೊಳ್ಳಬಹುದಾ? ಎಷ್ಟು ಟೈಟ್ ಮಾಡಬೇಕು?

ಉತ್ತರ: ಖಂಡಿತ ಹಾಕಿಕೊಳ್ಳಬಹುದು. ಬಿಚ್ಚುವ ಮೊದಲು ಸುತ್ತಲಿನ ಧೂಳು ಊದಿ ತೆಗೆಯಿರಿ. ಹೊಸದನ್ನು ಪೂರ್ತಿ ಕೂರುವವರೆಗೂ ಕೈಯಲ್ಲೇ ತಿರುಗಿಸಿ, ನಡುವೆ ಬಿಗಿಯಾದರೆ ಒತ್ತದೆ ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಿ. ಆಮೇಲೆ ಸ್ಪ್ಯಾನರ್‌ನಿಂದ, ಹೊಸ ವಾಷರ್ ಇರುವ ಪ್ಲಗ್ ಆದರೆ ಸುಮಾರು ಅರ್ಧ ಸುತ್ತು ಸಾಕು. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ಡಿನ (ಎಂಜಿನ್‌ನ ಮೇಲ್ಭಾಗ) ಥ್ರೆಡ್ ಮೆದು, ಒಂದು ಸಲ ಹೋದರೆ ರಿಪೇರಿ ದೊಡ್ಡ ಕೆಲಸ. ಇರಿಡಿಯಂ ಪ್ಲಗ್‌ನ ಸಣ್ಣ ತುದಿಗೆ ಗೇಜ್ (ಗ್ಯಾಪ್ ಅಳೆಯುವ ಸಾಧನ) ಒತ್ತಿ ಗ್ಯಾಪ್ ಸರಿಮಾಡಲು ಹೋಗಬೇಡಿ, ಮುರಿಯುತ್ತದೆ.