ಓದುಗರ ಪ್ರಶ್ನೆ: ಅಮ್ಮನ ಜೊತೆ ಇಟಲಿಯಲ್ಲಿ ಸೈಕಲ್ ಹೊಡೀಬಹುದಾ?

ಪ್ರಶ್ನೆ: ಮೇಡಂ, ಏಪ್ರಿಲ್‌ನಲ್ಲಿ ಅಮ್ಮನ ಜೊತೆ ರೋಮ್‌ಗೆ ಹೋಗ್ತಿದೀನಿ. ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಸೈಕಲ್ ಹೊಡೆಯೋದಷ್ಟೇ ಅಮ್ಮಂಗೆ ಅಭ್ಯಾಸ, ದಿಬ್ಬ ಆಗಲ್ಲ. ಸಮುದ್ರದ ಹತ್ರ ಎಲ್ಲಾದ್ರೂ ಇದ್ಯಾ?
– ಬಸವನಗುಡಿಯ ಓದುಗರು

ಉತ್ತರ: ಇದೆ, ಆರ್ಬೆಟೆಲ್ಲೋ. ರೋಮ್‌ನಿಂದ ಪೀಸಾ ಕಡೆ ಹೋಗೋ ಟ್ರೈನ್ ಲೈನಲ್ಲೇ ಸಿಗತ್ತೆ, ಊರು ಹಿನ್ನೀರಿನ ಮಧ್ಯಕ್ಕೇ ಚಾಚಿಕೊಂಡಿದೆ. ಅಲ್ಲಿಂದ 19ನೇ ಶತಮಾನದಲ್ಲಿ ನೀರಿಗೆ ಅಡ್ಡ ಕಟ್ಟಿದ ಏರಿ ಮೇಲೆ ಆರ್ಜೆಂತಾರಿಯೋ ಗುಡ್ಡದ ಕಡೆ ಹೋಗಿ, ಗುಡ್ಡ ಹತ್ತದೆ ಎಡಕ್ಕೆ ತಿರುಗಿದ್ರೆ ಫೆನೀಲ್ಯಾ ಬರತ್ತೆ.

ನನಗೆ ತುಂಬಾ ಇಷ್ಟವಾದ ಜಾಗ ಇದೇ. ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹಿನ್ನೀರು, ಮಧ್ಯ ಮರಳುದಿಣ್ಣೆ ಮೇಲೆ ಪೈನ್ ತೋಪು, ಅದೂ ಮರಳು ಗಾಳಿಗೆ ಹಾರಿ ಹಿನ್ನೀರಿಗೆ ಬೀಳದಿರ್ಲಿ ಅಂತ 20ನೇ ಶತಮಾನದ ಶುರುವಲ್ಲಿ ನೆಟ್ಟಿದ್ದು. ಸುಮಾರು 6 ಕಿಮೀ ಮಣ್ಣಿನ ದಾರಿ, ಕಾರು ಬಿಡಲ್ಲ, ಪೂರ್ತಿ ನೆರಳು, ಚಕ್ರದ ಕೆಳಗೆ ಪೈನ್ ಎಲೆ ಚರಚರ ಅನ್ನತ್ತೆ. ಮಾತಾಡದೆ ನಿಧಾನಕ್ಕೆ ಹೋದ್ರೆ ಜಿಂಕೆ ಕಾಣತ್ತೆ, ಹಿನ್ನೀರಿನ ಕಡೆ ಇಳಿದ್ರೆ ಫ್ಲೆಮಿಂಗೋನೂ ಸಿಗಬಹುದು.

ತುದಿಯಲ್ಲಿ ಅನ್ಸೆದೋನಿಯಾ. ಅಲ್ಲಿಂದ ದಡ ಸುತ್ತಿ ವಾಪಸ್ ಬರೋವಾಗ ಮಾತ್ರ ಹೆದ್ದಾರಿ ಹತ್ರ ಬರತ್ತೆ, ಅಲ್ಲಿ ಹುಷಾರು, ಅಮ್ಮಂಗೆ ಭಯ ಅನ್ಸಿದ್ರೆ ಬಂದ ತೋಪಲ್ಲೇ ಹಿಂದಕ್ಕೆ ಬನ್ನಿ, ನನ್ನ ಕೇಳಿದ್ರೆ ಅದೇ ಚೆಂದ. ಅಗಲ ಟೈರಿನ ಬಾಡಿಗೆ ಸೈಕಲ್ ಕೇಳಿ. ನೀರಿನ ಬಾಟ್ಲು, ಸೊಳ್ಳೆ ಕ್ರೀಮು ಮರೀಬೇಡಿ.