ಓದುಗರ ಪ್ರಶ್ನೆ: ಬೆಂಬಲಿಗರ ಬಾಯಿಗೆ ಅಭ್ಯರ್ಥಿ ಹೊಣೆಯೇ?

ಪ್ರಶ್ನೆ: ನಾನು ರಾಜ್ಯಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಅಮೆರಿಕದ ಚುನಾವಣೆಗಳ ಬಗ್ಗೆ ಓದುವಾಗ ‘ಬರ್ನಿ ಬ್ರೋ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಬೆಂಬಲಿಗರು ಹೆಂಗಸರನ್ನೂ ಕಪ್ಪು ವರ್ಣೀಯರನ್ನೂ ಜಾಲತಾಣಗಳಲ್ಲಿ ಹೀಯಾಳಿಸುವ ಬಿಳಿಯ ಹುಡುಗರೆಂಬುದು ನಿಜವೇ, ಅಥವಾ ಎದುರಾಳಿಗಳು ಕಟ್ಟಿದ ಕತೆಯೇ? — ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬೆಂಬಲಿಗರು ಯಾರು ಎಂಬುದು ಒಂದು. ಅವರಲ್ಲಿ ನಾಲಿಗೆ ಸಡಿಲ ಬಿಟ್ಟವರು ಯಾರ ಮೇಲೆ ಹರಿಹಾಯ್ದರು ಎಂಬುದು ಇನ್ನೊಂದು. ಸ್ಯಾಂಡರ್ಸ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಗೆ ಸ್ಪರ್ಧಿಸಿದ 2016 ಮತ್ತು 2020ರ ಎರಡು ಚುನಾವಣೆಗಳುದ್ದಕ್ಕೂ ಅಮೆರಿಕದಲ್ಲಿ ಈ ಜಗಳ ಬಗೆಹರಿಯದೆ ಉಳಿಯಲು, ಎರಡೂ ಕಡೆಯವರು ಮೊದಲನೆಯ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಕೊಡುತ್ತಿದ್ದದ್ದೇ ಕಾರಣವೆಂದು ನನಗೆ ತೋರುತ್ತದೆ.

‘ಬರ್ನಿ ಬ್ರೋ’ ಎಂಬ ಪದ 2015ರ ಅಕ್ಟೋಬರಿನಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಲೇಖನವೊಂದರಿಂದ ಚಾಲ್ತಿಗೆ ಬಂತು. ಅಲ್ಲಿ ಅದು, ಫೇಸ್‌ಬುಕ್‌ನಲ್ಲಿ ಸಿಕ್ಕಿದವರಿಗೆಲ್ಲ ತನ್ನ ಅಭ್ಯರ್ಥಿಯ ಮಹಿಮೆಯನ್ನು ಬೋಧಿಸುವ, ಓದಿಕೊಂಡ ಬಿಳಿಯ ತರುಣನ ಮೇಲಿನ ಲಘುಹಾಸ್ಯವಾಗಿತ್ತು. ಕೆಲವೇ ತಿಂಗಳುಗಳಲ್ಲಿ ಅದು ಹೆಂಗಸರನ್ನು ಬೈಯುವವನ ಹೆಸರಾಗಿ ಬದಲಾಯಿತು. ಇದಕ್ಕೊಂದು ಹಳೆಯ ಅಚ್ಚೂ ಇತ್ತು: 2008ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಎದುರಾಗಿ ಬರಾಕ್ ಒಬಾಮ ನಿಂತಾಗ, ಒಬಾಮ ಪರವಾಗಿ ವಾದಿಸುತ್ತಿದ್ದ ತರುಣರನ್ನು ‘ಒಬಾಮ ಬಾಯ್ಸ್’ ಎಂದು ಮೂದಲಿಸಲಾಗಿತ್ತು.

ಬೆಂಬಲಿಗರು ಯಾರು ಎಂಬ ಪ್ರಶ್ನೆಗೆ ಮತಗಟ್ಟೆಯ ಲೆಕ್ಕವೇ ಉತ್ತರ ಕೊಡುತ್ತದೆ. 2016ರ ಫೆಬ್ರವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಸುತ್ತಿನಲ್ಲಿ, ಮೂವತ್ತರೊಳಗಿನ ಹೆಂಗಸರಲ್ಲಿ ಹತ್ತಕ್ಕೆ ಎಂಟು ಮಂದಿ ಎದುರಾಳಿ ಕ್ಲಿಂಟನ್ ಅವರನ್ನು ಬಿಟ್ಟು ಸ್ಯಾಂಡರ್ಸ್ ಅವರಿಗೆ ಮತ ಹಾಕಿದರು. ಆ ಚುನಾವಣೆಗೆ ಕೆಲವೇ ದಿನಗಳ ಮೊದಲು ಸ್ತ್ರೀವಾದಿ ಹೋರಾಟದ ಹಿರಿಯರಾದ ಗ್ಲೋರಿಯಾ ಸ್ಟೈನೆಮ್, ಹುಡುಗರು ಇರುವ ಕಡೆ ಹುಡುಗಿಯರೂ ಹೋಗುತ್ತಾರೆ ಎಂಬ ಅರ್ಥದ ಮಾತನ್ನು ಟಿವಿ ಕಾರ್ಯಕ್ರಮವೊಂದರಲ್ಲಿ ಆಡಿ, ಬಳಿಕ ಕ್ಷಮೆ ಕೇಳಬೇಕಾಯಿತು. ಹೆಂಗಸರ ಪರವಾಗಿ ಆಡಿದ ಮಾತೇ ಲಕ್ಷಾಂತರ ತರುಣಿಯರ ಸ್ವಂತ ಬುದ್ಧಿಯನ್ನು ಅಲ್ಲಗಳೆದಿತ್ತು. ಜನಾಂಗದ ವಿಷಯದಲ್ಲಿ ಮಾತ್ರ ಟೀಕಾಕಾರರ ಕೈಯಲ್ಲಿ ಗಟ್ಟಿ ಆಧಾರವಿತ್ತು. ಅದೇ ತಿಂಗಳ ಕೊನೆಗೆ ದಕ್ಷಿಣ ಕ್ಯಾರೊಲೈನಾದಲ್ಲಿ ಕ್ಲಿಂಟನ್ ನಾಲ್ಕರಲ್ಲಿ ಮೂರು ಪಾಲಿನಷ್ಟು ಮತ ಪಡೆದು ಗೆದ್ದದ್ದು ಕಪ್ಪು ವರ್ಣೀಯ ಮತದಾರರ ಬೆಂಬಲದಿಂದಲೇ. ಆದರೆ ಅಲ್ಲಿಂದ ‘ಸ್ಯಾಂಡರ್ಸ್ ಪರ ಇರುವವರೆಲ್ಲ ಬಿಳಿಯರು’ ಎಂಬಲ್ಲಿಗೆ ಜಿಗಿದದ್ದು ಅವಸರದ ತೀರ್ಮಾನ. ಮಾರ್ಚ್ ಕೊನೆಗೆ, ಬಿಳಿಯರಲ್ಲದವರೇ ಹೆಚ್ಚಿರುವ ಹವಾಯಿಯಲ್ಲಿ ಅವರು ಗೆದ್ದಾಗಲೂ ಅದೇ ಮಾತು ಕೇಳಿಬಂದದ್ದರಿಂದ ರೇಗಿದ ಕಪ್ಪು, ಲ್ಯಾಟಿನೋ ಮತ್ತು ಏಷ್ಯನ್ ಮೂಲದ ಬೆಂಬಲಿಗರು ‘ಬರ್ನಿ ನನ್ನನ್ನು ಬಿಳಿಯನನ್ನಾಗಿಸಿದರು’ ಎಂಬ ಅರ್ಥದ ಹ್ಯಾಷ್‌ಟ್ಯಾಗ್ ಹಾಕಿ, ತಮ್ಮ ತಮ್ಮ ಚಿತ್ರಗಳನ್ನು ಟ್ವಿಟರ್‌ನಲ್ಲಿ ಹಂಚಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿತ್ತು ಅವರ ಪಾಡು.

ಇಷ್ಟು ಹೇಳಿದ ಮೇಲೆ, ಕಿರುಕುಳವೂ ಕಟ್ಟುಕತೆಯಾಗಿತ್ತೆಂದು ನೀವು ತಿಳಿಯಬಾರದು. 2016ರ ಮೇ ತಿಂಗಳಲ್ಲಿ ನೆವಾಡ ರಾಜ್ಯದ ಪಕ್ಷ ಸಮಾವೇಶ ಸ್ಯಾಂಡರ್ಸ್ ಬೆಂಬಲಿಗರ ಗದ್ದಲದಲ್ಲಿ ಮುಗಿದಾಗ, ಅಲ್ಲಿನ ಪಕ್ಷದ ಅಧ್ಯಕ್ಷೆ ರಾಬರ್ಟಾ ಲ್ಯಾಂಗ್ ಅವರ ಫೋನ್ ಸಂಖ್ಯೆ ಜಾಲತಾಣಗಳಲ್ಲಿ ಹರಿದಾಡಿತು. ಅಶ್ಲೀಲ ಬೈಗುಳಗಳೂ ಕೊಲೆ ಬೆದರಿಕೆಗಳೂ ಅವರ ಫೋನಿಗೆ ಬಂದವು. ಎರಡೂ ಸಂಗತಿಗಳು ಏಕಕಾಲಕ್ಕೆ ನಿಜ. ಬೆಂಬಲಿಗರ ಬಳಗ ಬಿಳಿಯ ಗಂಡಸರದ್ದು ಮಾತ್ರ ಆಗಿರಲಿಲ್ಲ. ಅದರೊಳಗಿನ ಒಂದು ಸಣ್ಣ ಗುಂಪಿನ ಬಾಣಗಳು ಮಾತ್ರ ಹೆಚ್ಚಾಗಿ ಹೆಂಗಸರತ್ತ, ಅದರಲ್ಲೂ ಬಿಳಿಯರಲ್ಲದ ಹೆಂಗಸರತ್ತ, ಹಾರಿದವು.

ಪ್ರಶ್ನೆ: ಲಕ್ಷಾಂತರ ಅಪರಿಚಿತರು ತಮ್ಮ ಮನೆಯಲ್ಲಿ ಕುಳಿತು ಬರೆಯುವುದಕ್ಕೆ ಅಭ್ಯರ್ಥಿಯನ್ನು ಹೊಣೆ ಮಾಡುವುದು ನ್ಯಾಯವೇ? ಪ್ರತಿಯೊಬ್ಬರ ಬಾಯಿಗೂ ಬೀಗ ಹಾಕಲು ಯಾರಿಗೆ ಸಾಧ್ಯ? — ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಬೀಗ ಹಾಕಲು ಯಾರಿಗೂ ಸಾಧ್ಯವಿಲ್ಲ. ಆದರೆ ಅಭ್ಯರ್ಥಿ ಯಾವಾಗ, ಯಾರನ್ನು ಉದ್ದೇಶಿಸಿ, ಯಾವ ಮಾತು ಆಡಿದರೆಂಬುದು ಅವರ ಕೈಯಲ್ಲೇ ಇರುತ್ತದೆ, ಅದನ್ನು ತೂಗಿ ನೋಡಬಹುದು. ಇದಕ್ಕೆ 2020ರ ನೆವಾಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಲಾಸ್ ವೇಗಸ್‌ನ ಹೋಟೆಲ್ ಮತ್ತು ಜೂಜುಕೇಂದ್ರಗಳಲ್ಲಿ ಅಡುಗೆ ಮಾಡುವ, ಕೊಠಡಿ ಗುಡಿಸುವ, ಊಟ ಬಡಿಸುವ ಸುಮಾರು 60,000 ಕೆಲಸಗಾರರ ಸಂಘವೊಂದಿದೆ, ಕಲಿನರಿ ವರ್ಕರ್ಸ್ ಯೂನಿಯನ್ ಎಂದು. ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಲ್ಯಾಟಿನ್ ಅಮೆರಿಕದ ಮೂಲದವರು. ದಶಕಗಳ ಚೌಕಾಸಿಯಿಂದ, 1991ರಿಂದ 1998ರವರೆಗೆ ಒಂದೇ ಹೋಟೆಲಿನೆದುರು ಆರು ವರ್ಷಕ್ಕೂ ಮೀರಿ ನಡೆದ ಮುಷ್ಕರದಂಥ ಹೋರಾಟಗಳಿಂದ, ಅವರು ತಮ್ಮ ಆರೋಗ್ಯ ವಿಮೆಯನ್ನು ಉಳಿಸಿಕೊಂಡು ಬಂದಿದ್ದರು. ಖಾಸಗಿ ವಿಮೆಯ ಜಾಗದಲ್ಲಿ ಎಲ್ಲರಿಗೂ ಸರ್ಕಾರಿ ವಿಮೆ ತರುವ ಸ್ಯಾಂಡರ್ಸ್ ಅವರ ಯೋಜನೆಯಿಂದ ಈ ಸೌಲಭ್ಯ ಕೊನೆಗಾಣುತ್ತದೆಂದು ಸಂಘ ತನ್ನ ಸದಸ್ಯರಿಗೆ ಕರಪತ್ರ ಹಂಚಿತು. ಅದು ಸರಿಯೋ ತಪ್ಪೋ ವಾದಿಸಬಹುದಾಗಿತ್ತು. ನನ್ನ ಕೇಳಿದರೆ ಕರಪತ್ರದ ಭಾಷೆ ಸ್ವಲ್ಪ ಖಾರವಾಗಿಯೇ ಇತ್ತು. ಆದರೆ ಉತ್ತರವಾಗಿ ಬಂದದ್ದು ವಾದವಲ್ಲ. ಸಂಘದ ಆಗಿನ ಮುಖ್ಯಸ್ಥೆ ಜಿಯೋಕೊಂಡಾ ಅರ್ಗ್ವೆಯೊ-ಕ್ಲೈನ್, ನಿಕರಾಗುವಾದಿಂದ ವಲಸೆ ಬಂದವರು, ಮತ್ತು ಅವರ ಸಹೋದ್ಯೋಗಿಯಾದ ಇನ್ನೊಬ್ಬ ಮಹಿಳೆ ಟ್ವಿಟರ್, ಇಮೇಲ್, ದೂರವಾಣಿಗಳ ಮೂಲಕ ಬೈಗುಳದ ಮಳೆಯನ್ನೇ ಎದುರಿಸಬೇಕಾಯಿತು. ಕಾರ್ಮಿಕರ ಪಕ್ಷಪಾತಿಯೆಂದು ಹೆಸರಾದ ಅಭ್ಯರ್ಥಿಯ ಹೆಸರಿನಲ್ಲಿ ಕಾರ್ಮಿಕ ಸಂಘದ ಹೆಂಗಸರಿಗೆ ಬೈಗುಳ ಬಿದ್ದದ್ದು ಇಲ್ಲಿನ ವಿಪರ್ಯಾಸ.

ಸ್ಯಾಂಡರ್ಸ್ ಸುಮ್ಮನಿರಲಿಲ್ಲ. ಯಾವ ಬಗೆಯ ಕಿರುಕುಳವನ್ನೂ ಒಪ್ಪುವುದಿಲ್ಲವೆಂದು ಹೇಳಿಕೆ ಕೊಟ್ಟರು. ಆದರೆ ಎಲ್ಲ ಅಭ್ಯರ್ಥಿಗಳ ಬೆಂಬಲಿಗರೂ ಸಭ್ಯವಾಗಿರಲಿ ಎಂದು ಅದರಲ್ಲಿ ಸೇರಿಸಿದ್ದರಿಂದ, ತಪ್ಪು ಎಲ್ಲರ ತಲೆಗೂ ಹಂಚಿಹೋಗಿ ಯಾರ ತಲೆಗೂ ತಗಲಲಿಲ್ಲ. ಫೆಬ್ರವರಿ 19ರ ಟಿವಿ ಚರ್ಚೆಯಲ್ಲಿ ಎದುರಾಳಿಗಳು ಕೆದಕಿದಾಗ, ಟ್ವಿಟರ್‌ನಲ್ಲಿ ತಮ್ಮನ್ನು ಹಿಂಬಾಲಿಸುವ 1.06 ಕೋಟಿ ಜನರಲ್ಲಿ ಶೇ 99.9ರಷ್ಟು ಮಂದಿ ಒಳ್ಳೆಯವರೆಂದೂ ಉಳಿದವರನ್ನು ತಾವು ತಮ್ಮವರೆಂದು ಒಪ್ಪುವುದಿಲ್ಲವೆಂದೂ ಹೇಳಿದರು. ತಮ್ಮ ಪ್ರಚಾರ ತಂಡದ ಕಪ್ಪು ವರ್ಣೀಯ ಹೆಂಗಸರೂ ಹೀನ ಬೈಗುಳಗಳಿಗೆ ತುತ್ತಾಗಿದ್ದಾರೆಂದು ನೆನಪಿಸಿದರು. ಆ ಕೊನೆಯ ಮಾತನ್ನು ಬಹಳ ಜನ ಮರೆತಿದ್ದಾರೆ, ಮರೆಯಬಾರದಿತ್ತು.

ಈಗ ಅವರದೇ ಲೆಕ್ಕವನ್ನು ಮುಂದುವರಿಸೋಣ, ನೀವು ಬ್ಯಾಂಕಿನಲ್ಲಿದ್ದವರು, ನಿಮಗೆ ಕಷ್ಟವಾಗದು. ಉಳಿದ ಶೇ 0.1 ಎಂದರೆ 10,600 ಜನ. ಅವರಲ್ಲಿ ನೂರಕ್ಕೊಬ್ಬರು ಒಂದು ರಾತ್ರಿ ಒಬ್ಬಳೇ ಹೆಂಗಸಿಗೆ ಒಂದೊಂದು ಸಂದೇಶ ಕಳಿಸಿದರೂ, ಬೆಳಿಗ್ಗೆ ಅವಳು ಫೋನ್ ತೆರೆದಾಗ ನೂರಕ್ಕೂ ಮಿಕ್ಕಿ ಬೈಗುಳಗಳಿರುತ್ತವೆ. ಕಳಿಸಿದ ಪ್ರತಿಯೊಬ್ಬನೂ ಗುಂಪಿನಲ್ಲಿ ಗೋವಿಂದ ಅಂದವನೇ, ತಾನು ಬರೆದದ್ದು ಒಂದೇ ಸಾಲು ಎಂದು ಪ್ರಾಮಾಣಿಕವಾಗಿ ನಂಬಿದವನೇ. ಶೇಕಡಾವಾರು ಲೆಕ್ಕ ಕಳಿಸುವವರ ಕಡೆಯಿಂದ ನೋಡಿದರೆ ಸಮಾಧಾನ ಕೊಡುತ್ತದೆ. ಪಡೆಯುವವಳ ಕಡೆಯಿಂದ ಅದಕ್ಕೆ ಅರ್ಥವೇ ಇಲ್ಲ.

ಪೆಟ್ಟು ಎಲ್ಲರಿಗೂ ಸಮನಾಗಿ ಬೀಳುವುದೂ ಇಲ್ಲ. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಅಮೆರಿಕದಲ್ಲಿ 35ರೊಳಗಿನ ಹೆಂಗಸರಲ್ಲಿ ಶೇ 33ರಷ್ಟು ಮಂದಿ ಅಂತರ್ಜಾಲದಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಅದೇ ವಯಸ್ಸಿನ ಗಂಡಸರಲ್ಲಿ ಅದು ಶೇ 11. ಮಾನವ ಹಕ್ಕುಗಳ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ಅಮೆರಿಕ ಮತ್ತು ಬ್ರಿಟನ್ನಿನ 778 ಮಹಿಳಾ ರಾಜಕಾರಣಿಗಳಿಗೂ ಪತ್ರಕರ್ತೆಯರಿಗೂ 2017ರಲ್ಲಿ ಬಂದ ಟ್ವೀಟುಗಳನ್ನು ಪರಿಶೀಲಿಸಿದಾಗ, ನಿಂದನೆಯ ಟ್ವೀಟುಗಳಿಗೆ ಗುರಿಯಾಗುವ ಸಂಭವ ಬಿಳಿಯ ಹೆಂಗಸರಿಗಿಂತ ಕಪ್ಪು ವರ್ಣೀಯ ಹೆಂಗಸರಿಗೆ ಶೇ 84ರಷ್ಟು ಹೆಚ್ಚಿತ್ತು.

ಅಭ್ಯರ್ಥಿ ಬೇರೆ ರೀತಿಯಲ್ಲಿ ನಡೆದುಕೊಳ್ಳಬಹುದಿತ್ತೇ ಎಂದರೆ, ಸ್ವತಃ ಸ್ಯಾಂಡರ್ಸ್ ಅವರೇ ಹಿಂದೆ ನಡೆದುಕೊಂಡಿದ್ದರು. 2015ರ ಆಗಸ್ಟ್ 8ರಂದು ಸಿಯಾಟಲ್‌ನ ಸಭೆಯಲ್ಲಿ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಹೋರಾಟದ ಇಬ್ಬರು ಕಪ್ಪು ವರ್ಣೀಯ ಯುವತಿಯರು ವೇದಿಕೆ ಹತ್ತಿ ಮೈಕು ಕೇಳಿದಾಗ ಸಭಿಕರಲ್ಲಿ ಅನೇಕರು ಕೂಗಿ ಅವರನ್ನು ಹೀಯಾಳಿಸಿದರು. ನಮ್ಮ ನಾಯಕ 1963ರಲ್ಲೇ ಶಿಕಾಗೋದಲ್ಲಿ ಶಾಲೆಗಳ ವರ್ಣಭೇದದ ವಿರುದ್ಧ ಪ್ರತಿಭಟಿಸಿ ಬಂಧಿತರಾದವರು, ನೀವು ಕೃತಜ್ಞರಾಗಿರಬೇಕು ಎಂಬ ಧಾಟಿಯ ಉಪದೇಶ ಜಾಲತಾಣಗಳಲ್ಲಿ ಹರಿಯಿತು. ಸ್ಯಾಂಡರ್ಸ್ ಮಾತ್ರ ತಮ್ಮ ಹಳೆಯ ಕೀರ್ತಿಯನ್ನು ಅಡ್ಡ ಹಿಡಿದು ಕೂರಲಿಲ್ಲ. ಆ ದಿನಗಳಲ್ಲೇ ಜನಾಂಗೀಯ ನ್ಯಾಯದ ಕಾರ್ಯಕ್ರಮವನ್ನು ಪ್ರಕಟಿಸಿದರು, ಸಿಮೋನ್ ಸ್ಯಾಂಡರ್ಸ್ ಎಂಬ ಕಪ್ಪು ವರ್ಣೀಯ ತರುಣಿ (ಹೆಸರು ಒಂದೇ, ಸಂಬಂಧಿಯಲ್ಲ) ಅವರ ಪತ್ರಿಕಾ ಕಾರ್ಯದರ್ಶಿಯಾದರು. ಬೆಂಬಲಿಗರಿಗಿಂತ ಬೇಗ ಅಭ್ಯರ್ಥಿ ಕಲಿತ ಪ್ರಸಂಗವಿದು. ನಾಲ್ಕೂವರೆ ವರ್ಷಗಳ ನಂತರ ನೆವಾಡದಲ್ಲಿ ನನಗೆ ಕೊರತೆಯಾಗಿ ಕಂಡದ್ದು ಅಂಥ ಚುರುಕೇ.

ಆ ನೆವಾಡದ ಫಲಿತಾಂಶವನ್ನೂ ಹೇಳಿಬಿಡುತ್ತೇನೆ: ಫೆಬ್ರವರಿ 22ರಂದು ಸ್ಯಾಂಡರ್ಸ್ ಅಲ್ಲಿ ಭಾರಿ ಅಂತರದಿಂದ ಗೆದ್ದರು, ಅದೇ ಸಂಘದ ಅನೇಕ ಸದಸ್ಯರೂ ಅವರ ಪರ ನಿಂತರು. ಹೊಡೆಸಿಕೊಂಡವರೂ ಗೆಲ್ಲಿಸಿದವರಲ್ಲಿ ಅನೇಕರೂ ಒಂದೇ ಸಂಘದವರು.

ಪ್ರಶ್ನೆ: ಇದೆಲ್ಲ ಅಲ್ಲಿನ ಕಾಯಿಲೆ. ನಮಗೇಕೆ ಇದರ ಗೊಡವೆ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಅದೇ ಆಮ್ನೆಸ್ಟಿ 2019ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಭಾರತದ 95 ಮಹಿಳಾ ರಾಜಕಾರಣಿಗಳಿಗೆ ಬಂದ ಲಕ್ಷಕ್ಕೂ ಹೆಚ್ಚು ಟ್ವೀಟುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ 13.8ರಷ್ಟು ನಿಂದನೆಯವೋ ಆಕ್ಷೇಪಾರ್ಹವಾದವೋ ಎಂದು ಕಂಡುಕೊಂಡಿತು. ಅಂಚಿಗೊತ್ತಲ್ಪಟ್ಟ ಜಾತಿಗಳ ಹೆಂಗಸರಿಗೆ ಬಂದ ಜಾತಿನಿಂದನೆ ಇತರ ಜಾತಿಗಳ ಹೆಂಗಸರಿಗಿಂತ ಶೇ 59ರಷ್ಟು ಹೆಚ್ಚಿತ್ತು. ಅಲ್ಲಿ ವರ್ಣ ಮಾಡುವ ಕೆಲಸವನ್ನು ಇಲ್ಲಿ ಜಾತಿ ಮಾಡುತ್ತದೆ. ಹಣೆಪಟ್ಟಿಯ ವಿಷಯದಲ್ಲೂ ನಾವೇನು ಹಿಂದೆ ಬಿದ್ದಿಲ್ಲ: ಕನ್ನಡದ ಯಾವುದೇ ಸುದ್ದಿಯ ಕೆಳಗಿನ ಪ್ರತಿಕ್ರಿಯೆಗಳನ್ನು ನೋಡಿದರೆ ಒಬ್ಬರಿಗೆ ಎದುರಿನವರೆಲ್ಲ ‘ಭಕ್ತರು’, ಇನ್ನೊಬ್ಬರಿಗೆ ಎದುರಿನವರೆಲ್ಲ ‘ಗುಲಾಮರು’, ಮತ್ತು ಆ ಪದ ಬಿದ್ದ ಮೇಲೆ ಯಾರೂ ಯಾರ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ.