ಸಂಪಾದಕರ ಉತ್ತರ: "ಮತ್ತು ಸಂಗಡಿಗರು" ಅಂದ್ರೆ ಯಾರು ಸ್ವಾಮಿ?

ಶಿವಮೊಗ್ಗದಿಂದ ಒಬ್ಬ ಹಿರಿಯ ಓದುಗರು ಪತ್ರ ಬರ್ದಿದಾರೆ. ಇನ್‌ಲ್ಯಾಂಡ್ ಲೆಟರ್, ಮಡಿಕೆ ಮಡಿಕೆನೂ ತುಂಬ್ಸಿ, ಜಾಗ ಸಾಲದೆ ಅಂಚಲ್ಲೂ ಬರ್ದಿದಾರೆ. ಪೂರ್ತಿ ಹಾಕೋಕೆ ಆಗಲ್ಲ, ಸಾರ ಇಷ್ಟು: "ನಾನು ನಿವೃತ್ತ ಬ್ಯಾಂಕ್ ನೌಕರ. ಕಳೆದ ಸಂಚಿಕೆಯಲ್ಲಿ ಸಿಸ್ಸಿ ಹ್ಯೂಸ್ಟನ್ ಎಂಬ ಅಮೆರಿಕದ ಸೋಲ್ (ಅಲ್ಲಿನ ಕಪ್ಪು ಜನರ ಸಂಗೀತ ಶೈಲಿ) ಗಾಯಕಿಗೆ ಆರು ಪುಟ ಕೊಟ್ಟಿದ್ದೀರಿ. ಆಕೆ ಜೀವನಪೂರ್ತಿ ಬೇರೆಯವರ ಹಿಂದೆ ನಿಂತು ಊ, ಆ ಎಂದವರು. ಧೈರ್ಯವೋ ಪ್ರತಿಭೆಯೋ ಇದ್ದಿದ್ದರೆ ಮುಂದೆ ಬರುತ್ತಿರಲಿಲ್ಲವೇ? ಗೆದ್ದವರ ಬಗ್ಗೆ ಬರೆಯಿರಿ. ಅದೇ ಶೈಲಿಯ ಗಾಯಕಿ ಗ್ಲಾಡಿಸ್ ನೈಟ್ ಬಗ್ಗೆ ನಿಮ್ಮಲ್ಲಿ ಇದುವರೆಗೆ ಒಂದು ಸಾಲೂ ಬಂದಿಲ್ಲ. ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ."

ಹಾಕಲ್ಲ ಸ್ವಾಮಿ. ಆದ್ರೆ ಆ ಕೊನೇ ಸಾಲು ಓದಿ ನನಗೆ ನಗು ಬಂತು. ಹೆಸರು ಬೇಡ ಅನ್ನೋ ಹಕ್ಕು ನಿಮಗಿತ್ತು, ಕೇಳಿದ್ರಿ, ನಾವು ಒಪ್ಪಿದ್ವಿ. ನೀವು ಯಾರನ್ನ ಊ ಆ ಅಂದೋರು ಅಂತ ಹೀಯಾಳಿಸಿದೀರೋ ಅವರಲ್ಲಿ ಮುಕ್ಕಾಲುಪಾಲು ಜನಕ್ಕೆ ಯಾರೂ ಕೇಳೇ ಇರಲಿಲ್ಲ, ಸುಮ್ನೆ ಬಿಟ್ಬಿಟ್ರು.

ಮೊದಲು ನಿಮ್ಮ ಮಾತಲ್ಲಿ ಇರೋ ನಿಜ ಒಪ್ಕೋತೀನಿ. ಹಿಂದೆ ನಿಂತೋರೆಲ್ಲ ಇಷ್ಟಪಟ್ಟು ನಿಂತೋರಲ್ಲ. ಮೆರ್ರಿ ಕ್ಲೇಟನ್‌ಗೆ 1969ರಲ್ಲಿ ಒಂದು ರಾತ್ರಿ ಹೊತ್ತು ಮೀರಿದ ಮೇಲೆ ಫೋನ್ ಬಂತು, ತುಂಬಿದ ಗರ್ಭಿಣಿ, ತಲೇಲಿ ಕರ್ಲರ್ ಇದ್ದ ಹಾಗೇ ಸ್ಟುಡಿಯೋಗೆ ಹೋಗಿ ರೋಲಿಂಗ್ ಸ್ಟೋನ್ಸ್ ಅನ್ನೋ ರಾಕ್ ತಂಡದ 'ಗಿಮ್ಮಿ ಶೆಲ್ಟರ್' ಹಾಡಿದ್ರು, ಮೇಲಕ್ಕೆ ಹೋಗಿ ಹೋಗಿ ಅವರ ದನಿ ಒಡೆಯೋದು ಇವತ್ತಿಗೂ ಆ ರೆಕಾರ್ಡಲ್ಲಿ ಕೇಳಿಸುತ್ತೆ. ಆಮೇಲೆ ಸ್ವಂತ ಆಲ್ಬಂ ಮಾಡಿದ್ರು, ಚೆನ್ನಾಗೇ ಇದಾವೆ, ಓಡ್ಲಿಲ್ಲ. ಡಾರ್ಲೀನ್ ಲವ್ ಕತೆ ಇನ್ನೂ ಕಷ್ಟ. 1962ರಲ್ಲಿ 'ಹಿ ಈಸ್ ಎ ರೆಬೆಲ್' ಹಾಡಿದ್ದು ಅವರು, ಲೇಬಲ್ ಮೇಲೆ ಬಂದಿದ್ದು ಕ್ರಿಸ್ಟಲ್ಸ್ ಅನ್ನೋ ಬೇರೆ ಗುಂಪಿನ ಹೆಸರು, ಹಾಡು ನಂಬರ್ ಒನ್ ಆಯ್ತು. ಎಂಬತ್ತರ ದಶಕದ ಶುರುವಲ್ಲಿ ಆಯಮ್ಮ ಯಾರದೋ ಮನೆ ಬಚ್ಚಲು ತೊಳೀತಾ ಇದ್ದಾಗ ರೇಡಿಯೋದಲ್ಲಿ ತಮ್ಮದೇ ಕ್ರಿಸ್‌ಮಸ್ ಹಾಡು ಕೇಳಿಸ್ಕೊಂಡ್ರಂತೆ. ಹಾಗಾಗಿ ಇವರು ಮುಂದೆ ಬರೋಕೆ ಆಸೆಪಟ್ರು, ಬಿಡ್ಲಿಲ್ಲ ಅನ್ನೋದು ಎಷ್ಟೋ ಕಡೆ ಸತ್ಯ. ಇಷ್ಟು ನಿಮ್ಮ ಕಡೆಗೆ. ಇನ್ನು ನನ್ನ ಸರದಿ.

ಸಿಸ್ಸಿ ವಿಷಯಕ್ಕೆ ಬನ್ನಿ. 1933ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ ಹುಟ್ಟಿದೋರು, ಎಂಟು ಮಕ್ಕಳಲ್ಲಿ ಕೊನೆಯವರು. ಚಿಕ್ಕಂದಿನಲ್ಲೇ ಅಕ್ಕ ಅಣ್ಣಂದಿರ ಜತೆ ಚರ್ಚಲ್ಲಿ ಗಾಸ್ಪೆಲ್ ಅನ್ನೋ ಭಕ್ತಿಗೀತೆ ಹಾಡೋಕೆ ಶುರು ಮಾಡಿದ್ರು, ಆ ಮನೆಯವರ ತಂಡದ ಹೆಸರು ಡ್ರಿಂಕರ್ಡ್ ಸಿಂಗರ್ಸ್. ನೋಡಿ, ಚರ್ಚ್ ಹಾಡಲ್ಲಿ ಒಬ್ಬರು ಸೊಲ್ಲು ಎತ್ತುತಾರೆ, ಉಳಿದೋರು ಹಿಡ್ಕೊತಾರೆ. ಹಿಡ್ಕೊಂಡೋರು ಸೋತೋರು ಅಂತ ಅಲ್ಲಿ ಯಾರೂ ಅಂದ್ಕೊಳಲ್ಲ. ನಮ್ಮಲ್ಲೂ ಅಂದ್ಕೊತಿರಲಿಲ್ಲ. ನೀವು ಮಲೆನಾಡಿನೋರು, ರಾತ್ರಿಯಿಡೀ ಕೂತು ಆಟ ನೋಡಿರ್ತೀರಿ. ಯಕ್ಷಗಾನದಲ್ಲಿ ಭಾಗವತರು ಇರೋದು ಎಲ್ಲಿ? ಹಿಮ್ಮೇಳದಲ್ಲಿ. ಇಡೀ ಆಟ ಕುಣಿಸೋರೇ ಅವರು. "ಹಿಮ್ಮೇಳದೋರು" ಅನ್ನೋದು ಯಾವಾಗ ನಮ್ಮ ಬಾಯಲ್ಲಿ ಚಮಚಾಗಳು ಅನ್ನೋ ಅರ್ಥಕ್ಕೆ ಇಳೀತೋ, ರಾಜಕೀಯ ವರದಿ ಬರೆಯೋ ನನ್ನ ಸ್ನೇಹಿತರನ್ನೇ ಕೇಳ್ಬೇಕು.

ಅರವತ್ತರ ದಶಕದಲ್ಲಿ ಸಿಸ್ಸಿ ನ್ಯೂಯಾರ್ಕ್ ಸ್ಟುಡಿಯೋಗಳಿಗೆ ಹಾಡೋಕೆ ಹೋದ್ರು. ಅಕ್ಕನ ಮಗಳು ಡಿಯಾನ್ ವಾರ್ವಿಕ್ ಸ್ವಂತವಾಗಿ ಹಾಡೋಕೆ ಹೊರಟ ಮೇಲೆ, ಹಿಂದೆ ಹಾಡೋ ಗುಂಪಲ್ಲಿ ಖಾಲಿಯಾದ ಜಾಗಕ್ಕೆ ಇವರು ಬಂದ್ರು. ಆ ಗುಂಪೇ ಆಮೇಲೆ ಸ್ವೀಟ್ ಇನ್ಸ್ಪಿರೇಷನ್ಸ್ ಆಗಿದ್ದು: ಸಿಸ್ಸಿ, ಸಿಲ್ವಿಯಾ ಶೆಮ್ವೆಲ್, ಮಿರ್ನಾ ಸ್ಮಿತ್, ಎಸ್ಟೆಲ್ ಬ್ರೌನ್. ಬೇಕು ಅಂತಲೇ ನಾಲ್ಕೂ ಹೆಸರು ಬರ್ದಿದೀನಿ. ವ್ಯಾನ್ ಮಾರಿಸನ್‌ನ 'ಬ್ರೌನ್ ಐಡ್ ಗರ್ಲ್' ಕೇಳಿದೀರಲ್ಲ, ಅದರ ಹಿಂದಿನ ದನಿ ಇವರದು, ಜಿಮಿ ಹೆಂಡ್ರಿಕ್ಸ್ ಹಿಂದೆ ಇವರೇ, 1969ರಲ್ಲಿ ಎಲ್ವಿಸ್ ಪ್ರೀಸ್ಲಿ ಲಾಸ್ ವೇಗಸ್‌ನಲ್ಲಿ ಮತ್ತೆ ಸ್ಟೇಜ್ ಹತ್ತಿದಾಗಲೂ ಇವರೇ. ಸ್ವಂತ ಹೆಸರಲ್ಲೂ 1968ರಲ್ಲಿ ಒಂದು ಹಾಡು ಹಿಟ್ ಆಯ್ತು, ಅಮೆರಿಕದ ಪಟ್ಟಿಯಲ್ಲಿ 18ನೇ ಸ್ಥಾನ.

ಈಗ ಒಂದು ಕೆಲಸ ಮಾಡಿ. ಮೊಮ್ಮಗನ ಹತ್ರ ಹೆಡ್‌ಫೋನ್ ಇಸ್ಕೊಳ್ಳಿ, ಸೋಲ್ ಸಂಗೀತದ ದೊಡ್ಡ ಗಾಯಕಿ ಅರೀತಾ ಫ್ರಾಂಕ್ಲಿನ್‌ರ 1968ರ 'ಏಂಟ್ ನೋ ವೇ' ಹಾಕಿ. ಬರೆದಿದ್ದು ಅರೀತಾ ತಂಗಿ ಕ್ಯಾರೊಲಿನ್. ಅರೀತಾ ಕೆಳಗೆ ತೂಕವಾಗಿ ಹಾಡ್ತಾ ಹೋಗ್ತಾರೆ, ನಡುವೆ ಎಲ್ಲಿಂದಲೋ ಮೇಲೆ, ತುಂಬಾ ಮೇಲೆ, ಮಾತೇ ಇಲ್ಲದ ಒಂದು ದನಿ ತೇಲಿ ಬರುತ್ತೆ, ಮೊದಲ ಸಲ ಕೇಳಿದಾಗ ನಾನು ಯಾವುದೋ ವಾದ್ಯ ಅಂದ್ಕೊಂಡಿದ್ದೆ. ಅದು ಸಿಸ್ಸಿ. ಅರೀತಾ ದನಿ ಎದ್ದಾಗ ಇದು ಜಾಗ ಬಿಡುತ್ತೆ, ಅರೀತಾ ಉಸಿರು ತಗೊಂಡಾಗ ತುಂಬುತ್ತೆ, ಅವರಿಬ್ಬರೂ ಒಟ್ಟಿಗೆ ಏರೋ ಕಡೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ನೀವು ಊ ಅಂದಿದ್ದು ಇದಕ್ಕೆ ಸ್ವಾಮಿ!

ಈ ಕೆಲಸ ಎಷ್ಟು ಕಷ್ಟ ಅಂತ ನನಗೆ ಒಂಚೂರು ಗೊತ್ತು, ಯಾಕಂದ್ರೆ ಒಂದೇ ಒಂದು ಸಲ ಮಾಡಿದೀನಿ. 1991, ಬೆಂಗಳೂರಿನ ಒಂದು ಸ್ಟುಡಿಯೋ, ಭಕ್ತಿಗೀತೆ ಕ್ಯಾಸೆಟ್, ಕೋರಸ್‌ಗೆ ನಾಲ್ಕು ಜನ, ನಾಲ್ವರಿಗೂ ಒಂದೇ ಮೈಕು. ನನ್ನ ಗಂಟಲು ದೊಡ್ಡದು ಅಂತ ಎರಡಡಿ ಹಿಂದೆ ನಿಲ್ಸಿದ್ರು. "ಚರಣಗಳಿಗೆ" ಅನ್ನೋ ಪದದ ಕೊನೇಲಿ ನಾನು ಗೆ ಅನ್ನೋದನ್ನ ಅರ್ಧ ಸೆಕೆಂಡು ಎಳೀತಿದ್ದೆ, ಬೇರೆ ಮೂವರು ನಿಲ್ಲಿಸಿ ಆಗಿರ್ತಿತ್ತು, ಹನ್ನೊಂದು ಟೇಕ್ ಆಯ್ತು. ಆಮೇಲೆ ಸಿಟ್ಟಾಗಿ ಕಂಡಕ್ಟ್ ಮಾಡೋರು ಹೇಳಿದ್ರು, ನೀನು ಆ ಗೆ ಅನ್ಲೇ ಬೇಡ, ಬಾಯಾಡಿಸು ಸಾಕು ಅಂತ. ಅವತ್ತು ತಿಳೀತು: ಒಬ್ಬನೇ ಹಾಡೋನು ತಪ್ಪಿದ್ರೆ ಭಾವ ಅಂತಾರೆ, ನಾಲ್ವರಲ್ಲಿ ಒಬ್ಬ ತಪ್ಪಿದ್ರೆ ತಪ್ಪು ಅಂತಾರೆ. 75 ರೂಪಾಯಿ ಕೊಟ್ರು, ಇಡ್ಲಿ ವಡೆ ಕೊಡ್ಸಿದ್ರು. ಕ್ಯಾಸೆಟ್ ಬಂದಾಗ ಕಾರ್ಡ್ ಮೇಲೆ ಗಾಯಕರ ಹೆಸರು, ಪಕ್ಕದಲ್ಲಿ "ಮತ್ತು ಸಂಗಡಿಗರು". ಅಮ್ಮ ಬಾಲ್‌ಪೆನ್ನಲ್ಲಿ ಅದರ ಕೆಳಗೆ ನನ್ನ ಹೆಸರು ಬರ್ದು ಷೋಕೇಸಲ್ಲಿ ಇಟ್ಟಿದ್ರು. ಉಳಿದ ಮೂವರಲ್ಲಿ ಮೇಲಿನ ಸ್ವರ ಹಿಡೀತಿದ್ದ ಹುಡುಗಿ ಹೆಸರು ನನಗೂ ಈಗ ನೆನಪಾಗ್ತಿಲ್ಲ, ನಾಚಿಕೆ ಆಗುತ್ತೆ.

ಹೀಗೆ ಹಿಂದೆ ಹಾಡಿದೋರ ಹೆಸರು ಮರೆಸೋದನ್ನ ದೊಡ್ಡ ಮಟ್ಟದಲ್ಲಿ ಮಾಡಿದ್ದು ಡೆಟ್ರಾಯಿಟ್‌ನ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿ. 2648 ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್ ಅಂತ ವಿಳಾಸ, ಮಾಮೂಲಿ ಮನೆ ಥರದ ಕಟ್ಟಡ, ಅದರೊಳಗೆ ಸ್ಟುಡಿಯೋ. ಅಲ್ಲಿ ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲೂವೆನ್ ಡೆಂಪ್ಸ್ ಅಂತ ಮೂವರು ಹೆಣ್ಮಕ್ಕಳು, ಗುಂಪಿನ ಹೆಸರು ಆಂಡಾಂಟೀಸ್. ಯಾರ ಹಾಡೇ ಆಗ್ಲಿ ಹಿಂದೆ ದನಿ ಬೇಕು ಅಂದ್ರೆ ಇವರನ್ನ ಕರಿಯೋರು. ಫೋರ್ ಟಾಪ್ಸ್ ಅಂತ ನಾಲ್ಕು ಗಂಡಸರ ತಂಡದ ಹಾಡಲ್ಲಿ ಹೆಂಗಸರ ದನಿ ಎಲ್ಲಿಂದ ಬಂತು ಅಂತ ಯೋಚ್ನೆ ಮಾಡಿದೀರಾ? ಇವರದು. ಅದಿರಲಿ, 1968ರಲ್ಲಿ 'ಲವ್ ಚೈಲ್ಡ್' ಅಂತ ಹಾಡು ನಂಬರ್ ಒನ್ ಆಯ್ತು, ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್ ಅಂತ ಲೇಬಲ್. ಡಯಾನಾ ಇದಾರೆ, ಸುಪ್ರೀಮ್ಸ್ ಇಲ್ಲ! ತಂಡದ ಉಳಿದಿಬ್ಬರು ಮೇರಿ ವಿಲ್ಸನ್, ಸಿಂಡಿ ಬರ್ಡ್‌ಸಾಂಗ್ ದನಿಯೂ ಅದರಲ್ಲಿಲ್ಲ, ಹಾಡಿದ್ದು ಆಂಡಾಂಟೀಸ್. ಮಾರನೇ ವರ್ಷ ಅದೇ ತಂಡದ ಹೆಸರಲ್ಲಿ ಡಯಾನಾ ಹಾಡಿದ ಕೊನೇ ನಂಬರ್ ಒನ್ ಬಂತು, ಅದರಲ್ಲೂ ಹಿಂದೆ ಇದ್ದಿದ್ದು ಮ್ಯಾಕ್ಸೀನ್, ಜೂಲಿಯಾ ವಾಟರ್ಸ್ ಅಂತ ಅಕ್ಕತಂಗಿ. ಅಂದ್ರೆ ಹಿಂದೆ ನಿಂತೋರ ಹಿಂದೆಯೂ ಜನ ಇದ್ರು ಸ್ವಾಮಿ. ಟಿವಿಲಿ ಕೈ ಆಡಿಸಿದೋರು ಒಬ್ಬರು, ರೆಕಾರ್ಡಲ್ಲಿ ಗಂಟಲು ಕೊಟ್ಟೋರು ಇನ್ನೊಬ್ಬರು. ಆಂಡಾಂಟೀಸ್ ಹೆಸರಲ್ಲೇ ಅಂತ 1964ರಲ್ಲಿ ಒಂದು ರೆಕಾರ್ಡ್ ಬಂತು, ಅದರ ಮುಖ್ಯ ದನಿ ಆನ್ ಬೋಗನ್ ಅಂತ ಬೇರೆಯವರದು. ಇದನ್ನ ಓದಿ ನಗಬೇಕೋ ಅಳಬೇಕೋ. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಎದ್ದು ಹೋಯ್ತು, ಇವರು ಡೆಟ್ರಾಯಿಟ್‌ನಲ್ಲೇ ಉಳಿದ್ರು, ಅಲ್ಲಿಗೆ ಆ ಕೆಲಸ ಮುಗೀತು.

ದುಡ್ಡಿನ ಲೆಕ್ಕ ಹೇಳ್ತೀನಿ, ನೀವು ಬ್ಯಾಂಕಿನೋರು, ಬೇಗ ಅರ್ಥ ಆಗುತ್ತೆ. ಹಿಂದೆ ಹಾಡೋರಿಗೆ ಸಾಮಾನ್ಯವಾಗಿ ಅವತ್ತಿನ ಕೂಲಿ ಅವತ್ತಿಗೆ, ಹಾಡು ಐವತ್ತು ವರ್ಷ ಓಡಿದ್ರೂ ರಾಯಲ್ಟಿ ಇಲ್ಲ. ಅಮೆರಿಕದಲ್ಲಿ ಮಾಮೂಲಿ ರೇಡಿಯೋದಲ್ಲಿ ಹಾಡು ಬಂದ್ರೆ ಬರೆದೋರಿಗೆ ಕಾಸು ಹೋಗುತ್ತೆ, ಹಾಡಿದೋರಿಗೆ, ಸಾಕ್ಷಾತ್ ಅರೀತಾಗೂ, ಚಿಕ್ಕಾಸಿಲ್ಲ. ಸ್ಯಾಟಲೈಟ್ ರೇಡಿಯೋ, ಇಂಟರ್ನೆಟ್ ರೇಡಿಯೋಗೆ ಮಾತ್ರ ಕಾನೂನಲ್ಲಿ ಪಾಲು ಬರ್ದಿದೆ. ನೂರು ಡಾಲರ್ ಬಂತು ಅನ್ಕೊಳ್ಳಿ, 50 ರೆಕಾರ್ಡ್ ಯಾರದೋ ಅವರಿಗೆ, 45 ಮುಖ್ಯ ಕಲಾವಿದರಿಗೆ, ಉಳಿದ 5ರಲ್ಲಿ ಎರಡೂವರೆ ವಾದ್ಯದೋರಿಗೆ, ಎರಡೂವರೆ ಹಿಂದೆ ಹಾಡೋ ಅಷ್ಟೂ ಜನಕ್ಕೆ. ಆ ಎರಡೂವರೆ ಕೈಗೆ ಬರಬೇಕಾದ್ರೂ ಯಾವ ಹಾಡಲ್ಲಿ ಯಾರು ಹಾಡಿದ್ರು ಅಂತ ಎಲ್ಲೋ ಬರ್ದಿರಬೇಕು. ಬರ್ದಿಲ್ಲ ಅಂದ್ರೆ? ನಾನು ಹೆಸರು ಹೆಸರು ಅಂತ ಬಡ್ಕೊಳೋದು ಬರೀ ಮರ್ಯಾದೆಗಲ್ಲ, ಅನ್ನಕ್ಕೂ ಹೌದು.

ನಿಮ್ಮ ಮೇಲೆ ನನಗೆ ಕೋಪ ಇಲ್ಲ, ಬೇಜಾರಿದೆ. ನೀವು ಅಷ್ಟು ವರ್ಷ ಬ್ಯಾಂಕಲ್ಲಿ ಇದ್ರಿ, ಕಂಪ್ಯೂಟರ್ ಬರೋ ಮುಂಚೆ ರಾತ್ರಿ ಎಂಟರ ತನಕ ಕೂತು ಹತ್ತು ರೂಪಾಯಿ ವ್ಯತ್ಯಾಸ ಹುಡುಕಿ ಲೆಡ್ಜರ್ ಟ್ಯಾಲಿ ಮಾಡಿರ್ತೀರಿ. ಬೆಳಿಗ್ಗೆ ಗಿರಾಕಿ ಬಂದು ಥ್ಯಾಂಕ್ಸ್ ಹೇಳಿದ್ದು ಮ್ಯಾನೇಜರ್‌ಗೆ. ಅದಕ್ಕೆ ನಿಮ್ಮನ್ನ ಧೈರ್ಯ ಇಲ್ಲದೋರು ಅನ್ನೋಕೆ ಆಗುತ್ತಾ? ಇಂಥ ಪತ್ರ ಬೇರೆ ಯಾರಾದ್ರೂ ಬರ್ದಿದ್ರೆ ಸುಮ್ನಿರ್ತಿದ್ದೆ.

ಮತ್ತೆ ನಾನೇನು ಸಾಚಾ ಅಲ್ಲ. ಇಪ್ಪತ್ತು ವರ್ಷ ಡೆಸ್ಕಲ್ಲಿ ಕೂತು "ಚಿತ್ರದಲ್ಲಿ ಶಾಸಕರು, ಅಧ್ಯಕ್ಷರು ಮತ್ತಿತರರು ಇದ್ದಾರೆ" ಅಂತ ಬರ್ದೋನು. ಆ ಮತ್ತಿತರರಲ್ಲಿ ಕುರ್ಚಿ ಹಾಕಿದೋರು, ಪ್ರಾರ್ಥನೆ ಹಾಡಿದ ಹೈಸ್ಕೂಲ್ ಹುಡುಗೀರು ಎಲ್ಲ ಇದ್ರು. ಪ್ರಾರ್ಥನೆ ಹುಡುಗೀರಂತೂ ವರದಿಯಲ್ಲಿ ಯಾವಾಗಲೂ "ಕುಮಾರಿ ಇಂಥವರು ಮತ್ತು ಸಂಗಡಿಗರು ಪ್ರಾರ್ಥಿಸಿದರು", ಮುಗೀತು. ಈಗಿನ ಆಪ್‌ಗಳು ಇನ್ನೂ ಕೆಟ್ಟದಾಗಿವೆ, ಹಳೇ ಎಲ್‌ಪಿ ಕವರ್ ಹಿಂದೆ ಕಣ್ಣು ಕಿರಿದು ಮಾಡಿ ಓದಿದ್ರೆ ಗಿಟಾರ್ ಯಾರು, ಕೋರಸ್ ಯಾರು ಅಂತ ಕೆಲವು ಸಲನಾದ್ರೂ ಸಿಗೋದು, ಈಗ ಫೋನಲ್ಲಿ ಮೂಲೆ ಒತ್ತಿ, ಅದರೊಳಗಿನ ಮೂಲೆ ಒತ್ತಿ, ಕೊನೆಗೆ ಸಿಗೋದು ಕಂಪನಿ ಹೆಸರು. ನಮ್ಮ ಪತ್ರಿಕೇಲಿ ಕರಡು ತಿದ್ದೋ ಹೆಣ್ಮಗಳು ಇದಾರೆ, ಹೋದ ತಿಂಗಳು ನಾನು ಸಿಸ್ಸಿ ಹುಟ್ಟಿದ ವರ್ಷ 1943 ಅಂತ ಬರ್ದಿದ್ದನ್ನ ಹಿಡಿದಿದ್ದು ಅವರೇ, ಹೊಗಳಿಕೆ ಫೋನ್ ಬಂದಿದ್ದೆಲ್ಲ ನನಗೆ. ಅವರ ಹೆಸರು ಹಾಕೋಣ ಅಂದೆ, ಬೇಡ ಸಾರ್, ಆಮೇಲೆ ತಪ್ಪು ಸಿಕ್ಕಿದ್ರೆ ಜನ ನನ್ನನ್ನ ಬೈತಾರೆ ಅಂದ್ರು. ಅದೂ ಸರಿ ಅನ್ನಿಸ್ತು.

ಎಲ್ಲಿದ್ದೆ? ಹಾಂ, ಸಿಸ್ಸಿ. 1969ರ ಕೊನೆಗೆ ಅವರು ತಂಡ ಬಿಟ್ರು, ಮಕ್ಕಳು ಚಿಕ್ಕವರು, ಊರೂರು ಸುತ್ತೋದು ಸಾಕಾಗಿತ್ತು. ಸ್ವಂತ ಆಲ್ಬಂ ಮಾಡಿದ್ರು, ಸ್ಟುಡಿಯೋಲಿ ಬೇರೆಯವರ ಹಿಂದೆ ಹಾಡೋದನ್ನೂ ಬಿಡಲಿಲ್ಲ, ನ್ಯೂಅರ್ಕ್‌ನ ನ್ಯೂ ಹೋಪ್ ಬ್ಯಾಪ್ಟಿಸ್ಟ್ ಚರ್ಚಲ್ಲಿ ದಶಕಗಳ ಕಾಲ ಹುಡುಗರಿಗೆ ಹಾಡು ಕಲ್ಸಿದ್ರು. ಕಲ್ತೋರಲ್ಲಿ ಒಬ್ಬಳು ಸ್ವಂತ ಮಗಳು, ಮುಂದೆ ಪಾಪ್ ಗಾಯಕಿ ಆದ ವಿಟ್ನಿ ಹ್ಯೂಸ್ಟನ್. 1985ರಲ್ಲಿ ವಿಟ್ನಿ ಮೊದಲ ಆಲ್ಬಂ ಬಂತಲ್ಲ, ಅದರಲ್ಲಿ 'ಹೌ ವಿಲ್ ಐ ನೋ' ಹಾಡಿನ ಹಿಂದಿನ ದನಿಗಳಲ್ಲಿ ಸಿಸ್ಸಿ ಇದಾರೆ. ಮಗಳು ಮುಂದೆ, ಅಮ್ಮ ಹಿಂದೆ. ತೊಂಬತ್ತರ ದಶಕದಲ್ಲಿ ಗಾಸ್ಪೆಲ್ ಆಲ್ಬಂಗಳಿಗೆ ಎರಡು ಗ್ರ್ಯಾಮಿ ಪ್ರಶಸ್ತಿ ಬಂತು. 2024ರ ಅಕ್ಟೋಬರ್‌ನಲ್ಲಿ ಹೋಗ್ಬಿಟ್ರು, 91 ವರ್ಷ.

ಕೊನೇದಾಗಿ ನಿಮ್ಮ ಗ್ಲಾಡಿಸ್ ನೈಟ್. ಅವರ ಅತಿ ದೊಡ್ಡ ಹಿಟ್ ಗೊತ್ತಲ್ಲ, 'ಮಿಡ್‌ನೈಟ್ ಟ್ರೇನ್ ಟು ಜಾರ್ಜಿಯಾ', 1973ರಲ್ಲಿ ನಂಬರ್ ಒನ್. ಜಿಮ್ ವೆದರ್ಲಿ ಬರೆದಾಗ ಅದು ಟ್ರೇನಲ್ಲ, ಹ್ಯೂಸ್ಟನ್ ಅನ್ನೋ ಊರಿಗೆ ಹೋಗೋ ವಿಮಾನ. ಅದನ್ನ ಟ್ರೇನು, ಜಾರ್ಜಿಯಾ ಅಂತ ಬದಲಾಯಿಸಿ ಮೊದಲು ಹಾಡಿದ್ದು ಯಾರು ಹೇಳಿ? ನೀವು ಊ ಆ ಅಂದ ಸಿಸ್ಸಿ. ನಮ್ಮ ಜನ ಜಾರ್ಜಿಯಾದೋರು, ಅವರು ಓಡಾಡಿದ್ದು ವಿಮಾನದಲ್ಲಲ್ಲ, ರೈಲಲ್ಲಿ ಅಂತ ಅವರ ವಾದ. ಗ್ಲಾಡಿಸ್ ಹಾಡಿದ್ದು ಆಮೇಲೆ. ಆ ಹಾಡಲ್ಲೂ ಅರ್ಧ ಮಜಾ ಹಿಂದೆ ಅವರ ಪ್ರತಿ ಮಾತಿಗೂ ಹೂಂಗುಟ್ಟೋ ಮೂವರದು, ಗ್ಲಾಡಿಸ್ ಅಣ್ಣ ಮೆರಾಲ್ಡ್ ನೈಟ್, ಕಸಿನ್ಸ್ ಎಡ್ವರ್ಡ್ ಪ್ಯಾಟನ್ ಮತ್ತು ವಿಲಿಯಂ ಗೆಸ್ಟ್, ಅವರೇ ಪಿಪ್ಸ್. 1977ರಲ್ಲಿ ಹಾಸ್ಯಗಾರ ರಿಚರ್ಡ್ ಪ್ರಯರ್ ಅವರ ಟಿವಿ ಕಾರ್ಯಕ್ರಮದಲ್ಲಿ ಈ ಮೂವರೇ ಬಂದ್ರು, ಗ್ಲಾಡಿಸ್ ಇಲ್ಲ. ಮುಂದೆ ಒಂದು ಖಾಲಿ ಮೈಕು. ಇವರು ತಮ್ಮ ಪಾಡಿಗೆ ತಮ್ಮ ಭಾಗ ಮಾತ್ರ ಹಾಡಿ, ಕುಣಿದು, ಮಧ್ಯೆ ಸುಮ್ನಿದ್ದು, ಮತ್ತೆ ಹಾಡಿ ಮುಗಿಸಿದ್ರು. ನಾನು ಅದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಆಯ್ತು, ನಿಮ್ಮ ಮಾತಿಗೆ ಬೆಲೆ ಕೊಟ್ಟು ಮುಂದಿನ ಸಂಚಿಕೇಲಿ ಗ್ಲಾಡಿಸ್ ನೈಟ್‌ಗೆ ಎರಡು ಪುಟ ತೆಗೆದಿಟ್ಟಿದೀನಿ. ಎಂಟು ಪುಟ ಪಿಪ್ಸ್‌ಗೆ.

ಸಂಪಾದಕ